ಕೆಂಪು ಗೆರೆಯ ಕೆಳಗೆ

ವರ್ನಾ ಹಾಸ್ಕಿಂಗ್ ಕಳೆದ ಶನಿವಾರ ಮಧ್ಯಾಹ್ನ ಎರಡೂವರೆಗೆ ನನ್ನ ಕಾರಿನ ಮುಂದಿನ ಸೀಟಿನಲ್ಲಿ ತೀರಿಕೊಂಡಳು. ವಯಸ್ಸು ಎಂಬತ್ತಮೂರು. ಹೃದಯ ನಿಂತಿತು ಎಂದು ಡಾಕ್ಟರು ಬರೆದುಕೊಟ್ಟರು. ಬೆಳಿಗ್ಗೆ ಹನ್ನೊಂದಕ್ಕೆ ರೇಡಿಯೊ ಮುಂದಿನ ಕುರ್ಚಿಯಿಂದ ಅವಳನ್ನು ಎಬ್ಬಿಸಿದವಳು ನಾನು, ಕಾರಿನ ಬಾಗಿಲು ತೆಗೆದು ಕೂರಿಸಿದವಳೂ ನಾನು. ಆ ನಡುವೆ ಅವಳು ಮಾತಾಡಲಿಲ್ಲ, ಏನೂ ತಿನ್ನಲಿಲ್ಲ, ಕೈಚೀಲವನ್ನೂ ಕೈಯಲ್ಲಿ ಹಿಡಿಯಲಿಲ್ಲ. ಕೊನೆಯದಾಗಿ ಏನು ಮಾಡಿದಳು ಎಂದು ಕೇಳುವವರಿಗೆ ನಾನು ಆ ಹನ್ನೊಂದು ಗಂಟೆಯ ಸಂಗತಿಯನ್ನೇ ಹೇಳಬೇಕು. ಅದಕ್ಕೆ ಮೊದಲು ಉಳಿದದ್ದನ್ನು ಹೇಳಬೇಕು.

ಊರಿನ ಪತ್ರಿಕೆ ಅವಳನ್ನು ‘ಮಕ್ಕಳ ಅಚ್ಚುಮೆಚ್ಚಿನ ಟೀಚರ್’ ಎಂದು ಬರೆದಿದೆ. ಅವಳಿದ್ದಿದ್ದರೆ ಆ ಸಾಲಿನ ಕೆಳಗೆ ಕೆಂಪು ಗೆರೆ ಎಳೆದು ಪತ್ರಿಕೆಯನ್ನು ಅಲ್ಲಿಗೇ ಮಡಚಿಡುತ್ತಿದ್ದಳು. ಮಕ್ಕಳು ಅವಳಿಗೆ ಹೆದರುತ್ತಿದ್ದರು. ಅವರ ತಾಯಂದಿರೂ ಹೆದರುತ್ತಿದ್ದರು.

ನಮ್ಮದು ರೇಡಿಯೊ ಶಾಲೆ. ಒಂದು ತಗಡಿನ ಮನೆ, ಅದರೊಳಗೆ ಒಂದು ರೇಡಿಯೊ, ಪುಸ್ತಕದ ಕಪಾಟುಗಳು, ಅವಳು, ಮತ್ತು ಡಾಟ್ ಎಂದು ಅವಳು ಕರೆಯುತ್ತಿದ್ದ ನಾನು. ಮಕ್ಕಳೆಲ್ಲ ನೂರಾರು ಮೈಲಿ ಆಚೆ, ಕುರಿ ದನಗಳ ಫಾರ್ಮುಗಳಲ್ಲಿ, ಅಡುಗೆಮನೆಯ ಮೇಜಿನ ಮುಂದೆ, ತಾಯಿಯ ಪಕ್ಕ ಕೂತಿರುತ್ತಿದ್ದರು. ಅವಳು ಪಾಠ ಹೇಳುತ್ತಿದ್ದಳು, ನಾನು ಕ್ಯಾನ್‌ವಾಸ್ ಚೀಲಗಳಿಗೆ ಪುಸ್ತಕ ತುಂಬಿ ವಾರಕ್ಕೊಮ್ಮೆ ಬರುವ ಅಂಚೆ ವಿಮಾನಕ್ಕೆ ಕೊಡುತ್ತಿದ್ದೆ. ಗುಂಡಿ ಒತ್ತಿದರೆ ಮಾತಾಡಬಹುದು, ಬಿಟ್ಟರೆ ಕೇಳಬಹುದು. ಎರಡೂ ಒಟ್ಟಿಗೆ ಆಗದು, ಅದಕ್ಕೆ ತನ್ನ ಮಾತು ಮುಗಿದಾಗ ‘ಓವರ್’ ಎನ್ನಬೇಕು. ಒಬ್ಬರಿಗೆ ಹೇಳಿದ್ದು ಎಲ್ಲರಿಗೂ ಕೇಳುತ್ತದೆ. ನಲವತ್ತು ಮನೆಗಳಲ್ಲಿ ಯಾವ ಮಗುವಿಗೆ ಏಳರ ಮಗ್ಗಿ ಬರುವುದಿಲ್ಲ ಎಂಬುದು ನಲವತ್ತು ಮನೆಗಳಿಗೂ ಗೊತ್ತಿತ್ತು.

ಅವಳ ಒಳ್ಳೆಯ ಗುಣವನ್ನೂ ಹೇಳಬೇಕು. ಡೆಸ್ಮಂಡ್ ಎಂಬ ಹುಡುಗನಿಗೆ ತೊದಲು. ಹಾಜರಿಗೆ ಹೆಸರು ಕೂಗಿದರೆ ಅವನಿಂದ ಉತ್ತರ ಬರಲು ನಾಲ್ಕು ನಿಮಿಷ ಹಿಡಿಯುತ್ತಿತ್ತು. ಅವಳು ಗುಂಡಿ ಬಿಟ್ಟು ಕಾಯುತ್ತಿದ್ದಳು. ನಲವತ್ತು ಅಡುಗೆಮನೆಗಳೂ ಕಾಯುತ್ತಿದ್ದವು. ಒಮ್ಮೆ ಒಬ್ಬ ತಾಯಿ ನಡುವೆ ಬಾಯಿ ಹಾಕಿ, “ಪಾಪ, ಬಿಟ್ಟುಬಿಡಿ ಮಿಸ್, ಮುಂದಿನ ಹೆಸರು ಕೂಗಿ, ಓವರ್” ಎಂದಳು. ವರ್ನಾ ಗುಂಡಿ ಒತ್ತಿ, “ಅವನಿಗೆ ಟೈಮ್ ಬೇಕು, ನಿಮ್ಮ ಪಾಪ ಬೇಡ. ಓವರ್” ಎಂದು ಮತ್ತೆ ಬಿಟ್ಟಳು. ಡೆಸ್ಮಂಡ್ ಎರಡು ವರ್ಷದಲ್ಲಿ ಒಂದೇ ಉಸಿರಿಗೆ ಹೆಸರು ಹೇಳುವಂತಾದ.

ವರ್ನಾ ರೈಲ್ವೆ ಗ್ಯಾಂಗ್‌ಮನ್‌ನ ಮಗಳು. ಮದುವೆಯಾಗಲಿಲ್ಲ. ಗಂಡಸರ ಬೂಟು ಹಾಕುತ್ತಿದ್ದಳು, ಮಧ್ಯಾಹ್ನಕ್ಕೆ ತಣ್ಣನೆಯ ಕುರಿಮಾಂಸ, ಡಬ್ಬಿಯ ಪೀಚ್ ಹಣ್ಣು. ಮಕ್ಕಳ ಪುಸ್ತಕಗಳನ್ನು ನಾನು ಕಂಡ ಯಾರಿಗಿಂತಲೂ ಚೆನ್ನಾಗಿ ಓದಿದವಳು ಅವಳೇ. ಮುಖಚಿತ್ರ ನೋಡಿ ಮಕ್ಕಳು ಪುಸ್ತಕ ಆರಿಸಬಾರದು ಎಂದು ಎಲ್ಲಕ್ಕೂ ಕಂದು ಕಾಗದದ ರಟ್ಟು ಹಾಕಿಸುತ್ತಿದ್ದಳು, ಬೆನ್ನ ಮೇಲೆ ಒಂದು ನಂಬರು. ನಾವೂ ಮಕ್ಕಳೂ ನಂಬರಿನಲ್ಲೇ ಮಾತಾಡುತ್ತಿದ್ದೆವು. “ಮಿಸ್, ಹನ್ನೆರಡರಲ್ಲಿ ಆ ಮುದುಕ ಕಳ್ಳನಾ?” ಎಂದು ಯಾರಾದರೂ ಕೇಳಿದರೆ ಹನ್ನೆರಡನ್ನು ಓದದವರೆಲ್ಲ ಅವನಿಗೆ ಬೈಯುತ್ತಿದ್ದರು.

ಪ್ರಬಂಧ ತಿದ್ದುವುದರಲ್ಲಿ ಅವಳದೊಂದು ಪದ್ಧತಿ. ಬರೆದದ್ದು ಪುಸ್ತಕವನ್ನು ಬಿಟ್ಟು ಎಲ್ಲಿ ಸುಳ್ಳಿಗೆ ಇಳಿಯುತ್ತದೋ ಅಲ್ಲಿ ಅಡ್ಡಲಾಗಿ ಕೆಂಪು ಗೆರೆ. ಅದರ ಕೆಳಗೆ ಓದುತ್ತಿರಲಿಲ್ಲ. ಮೂರು ಪುಟ ಬರೆದ ಹುಡುಗನಿಗೆ ಆರನೆಯ ಸಾಲಿನಲ್ಲೇ ಗೆರೆ ಬಿದ್ದದ್ದನ್ನು ನಾನು ನೋಡಿದ್ದೇನೆ. “ಕೆಳಗೆ ಚೆನ್ನಾಗಿ ಬರೆದಿರಬಹುದಲ್ಲೇ?” ಎಂದರೆ, “ಕೊಳೆತ ಮೊಟ್ಟೆ ಒಡೆದ ಮೇಲೆ ಹಳದಿ ಎಷ್ಟು ದುಂಡಗಿದೆ ಅಂತ ನೋಡ್ತಾರೇನೇ ಡಾಟ್?” ಎನ್ನುತ್ತಿದ್ದಳು.

ಮೂವತ್ತನಾಲ್ಕು ವರ್ಷದ ಹಿಂದೆ ದೊಡ್ಡ ಮಕ್ಕಳ ತರಗತಿಗೆ ಅವಳು ಎರಡು ಕಾದಂಬರಿ ಕೊಟ್ಟಳು, ಮೂವತ್ತೊಂದು ಮತ್ತು ಮೂವತ್ತೇಳು. ಪ್ರಶ್ನೆ: ಎರಡರಲ್ಲೂ ಪ್ರೀತಿ ಇದೆ, ಎರಡರಲ್ಲೂ ಅಗಲಿಕೆ ಇದೆ, ಹೋಲಿಸಿ. ಮೂವತ್ತೊಂದು ಒಂದು ದ್ವೀಪದ ಅಣ್ಣತಮ್ಮಂದಿರ ಕಥೆ. ಅಣ್ಣನ ದೋಣಿ ಮರಳಿ ಬರುವುದಿಲ್ಲ, ತಮ್ಮ ದೀಪ ಹಚ್ಚುತ್ತಲೇ ಇರುತ್ತಾನೆ. ಮೂವತ್ತೇಳು ಒಬ್ಬ ಹುಡುಗಿ ಮತ್ತು ಅವಳ ಕುಂಟು ಕುದುರೆ. ಕೊನೆಗೆ ಅಪ್ಪನೇ ಕುದುರೆಗೆ ಗುಂಡು ಹಾಕುತ್ತಾನೆ. ಮಕ್ಕಳಿಗೆಲ್ಲ ಕುದುರೆಯೇ ಇಷ್ಟ.

“ಕುದುರೆ ಸತ್ತಾಗ ನಾನು ಅತ್ತೆ ಮಿಸ್, ಓವರ್.”

“ನೀನು ಅತ್ತದ್ದು ಪುಸ್ತಕದಲ್ಲಿ ಇಲ್ಲ. ಯಾರು ಯಾರಿಗಾಗಿ ಏನು ಬಿಟ್ಟುಕೊಟ್ಟರು, ಅದು ಹೇಳು. ಪ್ರೀತಿ ಅಂತ ಬಾಯಲ್ಲಿ ಹೇಳೋದು ಪ್ರೀತಿ ಅಲ್ಲ. ಪುಟದ ಸಂಖ್ಯೆ ಹಾಕು. ಓವರ್.”

ಅದಕ್ಕೆ ಒಂದು ತಿಂಗಳ ಮೊದಲು ಒಬ್ಬ ಹುಡುಗ ಪುಸ್ತಕ ಬಂದಿಲ್ಲ ಎಂದಿದ್ದ. “ಹೋದ ಸಲ ನಾಯಿ ತಿಂದಿತ್ತು. ಈ ಸಲ ವಿಮಾನ ತಿಂತಾ?” ಎಂದು ಎಲ್ಲರಿಗೂ ಕೇಳುವಂತೆ ಕೇಳಿದಳು. ನಲವತ್ತು ಮನೆಗಳು ನಕ್ಕವು. ಆಮೇಲೆ ಯಾರೂ ಪುಸ್ತಕ ಬಂದಿಲ್ಲ ಎನ್ನಲಿಲ್ಲ.

ನರೆಲ್ ಡಗ್ಗನ್ ಎಂಬ ಹುಡುಗಿಗೆ ಆಗ ಹನ್ನೆರಡು. ಹಿಂದಿನ ವರ್ಷ ಅವಳ ತಮ್ಮ, ಮೂರು ವರ್ಷದ ಟ್ರೆಂಟ್, ಮನೆಯ ಹಿಂದೆ ದನಗಳಿಗೆ ನೀರು ನಿಲ್ಲಿಸುವ ಹೊಂಡದಲ್ಲಿ ಮುಳುಗಿ ಸತ್ತಿದ್ದ. ತಾಯಿ ಕೋರಲ್ ಎಲ್ಲರಿಗೂ ಹೇಳಿದ್ದು ಒಂದೇ ಮಾತು: “ಮಧ್ಯಾಹ್ನ ಬಟ್ಟೆ ಒಣಹಾಕೋಕೆ ಹೋದೆ, ಗೇಟಿನ ಚಿಲಕ ಹಾಕೋದು ಮರೆತೆ. ಐದೇ ನಿಮಿಷ.” ಐದು ನಿಮಿಷ ಯಾರಿಗೆ ತಪ್ಪಿದೆ? ಸುತ್ತಲಿನ ಹೆಂಗಸರು ಕೇಕು ಕಳಿಸಿದರು, ಬೇಯಿಸಿದ ಮಾಂಸ ಕಳಿಸಿದರು, ಮಧ್ಯಾಹ್ನದ ರೇಡಿಯೊ ಹರಟೆಯಲ್ಲಿ ದಿನವೂ ಅವಳನ್ನು ಮಾತಾಡಿಸುತ್ತಿದ್ದರು.

ನರೆಲ್‌ಳ ಪ್ರಬಂಧ ಬಂತು. ವರ್ನಾ ಗೆರೆ ಎಳೆದಳು. ಅಷ್ಟಕ್ಕೆ ಬಿಡಬಹುದಿತ್ತು. ಆ ವಾರ ಮೂವರು ಓದದೆ ಬರೆದಿದ್ದರು, ಅವಳಿಗೆ ಸಿಟ್ಟು ಏರಿತ್ತು. ಬೆಳಗಿನ ಪಾಠದಲ್ಲಿ ಗುಂಡಿ ಒತ್ತಿ, “ಪುಸ್ತಕ ಓದದೆ ಬರೆದರೆ ಹೇಗಿರುತ್ತೆ ಅಂತ ಎಲ್ಲರೂ ಕೇಳಿ. ಇದು ನರೆಲ್ ಡಗ್ಗನ್ ಬರೆದದ್ದು” ಎಂದು ಓದತೊಡಗಿದಳು.

“ಎರಡನೆಯ ಪುಸ್ತಕದಲ್ಲಿ ತಮ್ಮ ನೀರಿಗೆ ಬೀಳುವುದು ಬೆಳಿಗ್ಗೆ, ಪಾಠದ ಹೊತ್ತಿನಲ್ಲಿ. ತಾಯಿ ಅಕ್ಕನ ಪಕ್ಕ ರೇಡಿಯೊ ಮುಂದೆ ಕೂತು ಲೆಕ್ಕ ತಪ್ಪಿದ್ದಕ್ಕೆ ಬೈಯುತ್ತಿರುತ್ತಾಳೆ. ಒಂದು ಗಂಟೆ ಯಾರೂ ಅವನನ್ನು ಹುಡುಕುವುದಿಲ್ಲ. ಗೇಟು ತೆರೆದಿತ್ತು.”

ನಾನು ಕಪಾಟಿನ ಹತ್ತಿರವಿದ್ದೆ. ಬಂದು ಅವಳ ಭುಜ ಹಿಡಿದೆ. ಅವಳು ಭುಜ ಕೊಡವಿದಳು. ಬೆರಳು ಗುಂಡಿಯ ಮೇಲೇ ಇತ್ತು, ಹಾಗಾಗಿ ಆ ಕಡೆಯಿಂದ ಯಾರು ಏನು ಕೂಗಿದರೂ ನಮಗೆ ಕೇಳುವಂತಿರಲಿಲ್ಲ. ಕೆಂಪು ಗೆರೆ ಬಂದಲ್ಲಿಗೆ ಓದು ನಿಲ್ಲಿಸಿದಳು.

“ಮೂವತ್ತೊಂದರಲ್ಲಿ ರೇಡಿಯೊ ಎಲ್ಲಿದೆ ನರೆಲ್? ಸಾಯೋನು ಅಣ್ಣ, ಅವನಿಗೆ ಹದಿನೇಳು ವರ್ಷ, ಅವನು ದೋಣೀಲಿ ಹೋಗ್ತಾನೆ. ಗೇಟು ಯಾವ ಪುಟದಲ್ಲಿದೆ? ಗೇಟು ತೆರೆದಿತ್ತಂತೆ! ನಿಮ್ಮನೆ ಗೇಟು ಕಿತ್ತು ತಂದು ಪುಸ್ತಕಕ್ಕೆ ಹಾಕಿದ್ರೆ ನಾನು ಮಾರ್ಕು ಕೊಡಲ್ಲ. ಸೊನ್ನೆ. ಓವರ್.”

ಬೆರಳು ತೆಗೆದಳು. ಬಹಳ ಹೊತ್ತು ಬರೀ ಗರಗರ ಸದ್ದು. ಆಮೇಲೆ ಕೋರಲ್ ಡಗ್ಗನ್‌ಳ ಧ್ವನಿ.

“ಮುಗೀತಾ ಮಿಸ್ ಹಾಸ್ಕಿಂಗ್ ನಿಮ್ದು? ಓವರ್.”

ವರ್ನಾ ಮುಂದಿನ ಹೆಸರು ಕರೆದಳು.

ಅಂದಿನ ಹರಟೆಯ ಹೊತ್ತಿನಲ್ಲಿ ಒಬ್ಬರೂ ಮಾತಾಡಲಿಲ್ಲ. ಮರುದಿನದಿಂದ ಮಾತು ಶುರುವಾಯಿತು, ಕೋರಲ್ ಬಿಟ್ಟು ಉಳಿದವರ ನಡುವೆ. ಐದು ನಿಮಿಷ ಅಂದಳಲ್ಲ, ಒಂದು ಗಂಟೆಯಂತೆ. ಬಟ್ಟೆ ಅಂದಳಲ್ಲ, ಕೂತಿದ್ದಳಂತೆ. ನಮ್ಮ ಕೇಕು ತಿಂದಳಲ್ಲ. ಸಂಜೆ ನಾನು ವರ್ನಾಳನ್ನು ಕೇಳಿದೆ.

“ನಿಂಗೆ ಗೊತ್ತಾಗಲಿಲ್ವೇನೇ? ಅದು ಟ್ರೆಂಟ್ ಕಥೆ ಕಣೇ.”

“ಎರಡನೇ ಸಾಲಿಗೇ ಗೊತ್ತಾಯ್ತು.”

“ಗೊತ್ತಾಗಿ ಓದಿದೆಯಾ?”

“ತಮ್ಮ ಸತ್ತ ಅಂತ ಪುಸ್ತಕ ಓದದೆ ಇರೋಕಾಗುತ್ತಾ? ಸತ್ತವನನ್ನ ಅಡ್ಡ ಇಟ್ಕೊಂಡು ಸೋಮಾರಿತನ ಮುಚ್ಚೋದು ನಂಗೆ ಆಗಲ್ಲ ಡಾಟ್. ಅವಳಿಗೇ ಒಳ್ಳೇದಕ್ಕೆ.”

ಎರಡು ವಾರದ ನಂತರ ಡಗ್ಗನ್‌ರ ಚೀಲ ಅಂಚೆ ವಿಮಾನದಲ್ಲಿ ಬಂತು. ಜೊತೆಗೆ ಒಂದು ಮರದ ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಅವರ ಮನೆಯ ರೇಡಿಯೊ, ವೈರು ಸುತ್ತಿಟ್ಟದ್ದು. ಕಾಗದವೇನೂ ಇರಲಿಲ್ಲ. ನಾನು ಚೀಲ ಬಿಚ್ಚಿ ಪುಸ್ತಕಗಳ ಬೆನ್ನು ನೋಡಿದೆ. ಮೂವತ್ತೇಳು. ಇನ್ನೊಂದೂ ಮೂವತ್ತೇಳು.

ಆ ಚೀಲ ತುಂಬಿದ ವಾರ ನಾನು ಹಲ್ಲು ತೋರಿಸಲು ದೊಡ್ಡ ಊರಿಗೆ ಹೋಗಿದ್ದೆ. ತುಂಬಿದ್ದು ವರ್ನಾ. ಕಂದು ಕಾಗದದೊಳಗೆ ಎಲ್ಲ ಪುಸ್ತಕವೂ ಒಂದೇ ಥರ. ಅವಳದೇ ಅಕ್ಷರದ ಏಳು, ಒಂದರ ಹಾಗೆ ಬರೀ ಒಂದು ಕಡ್ಡಿ, ತಲೆಯಲ್ಲಿ ಸಣ್ಣ ಕೊಕ್ಕೆ. ಅವಳಿಗೆ ಎರಡೂ ಪುಸ್ತಕ ಕೊಟ್ಟೆ. ತೊಡೆಯ ಮೇಲಿಟ್ಟುಕೊಂಡು ಎರಡರದೂ ಮೊದಲ ಪುಟ ತೆಗೆದಳು. ಎರಡರಲ್ಲೂ ಕುದುರೆ.

“ಅವಳು ಯಾಕೆ ಹೇಳಲಿಲ್ಲ?” ಎಂದಳು.

“ಯಾರಿಗೆ? ನಿಂಗಾ?”

ಅವಳು ಎರಡೂ ಪುಸ್ತಕ ಮುಚ್ಚಿದಳು.

“ನಾಳೆ ಬೆಳಿಗ್ಗೆ ಗುಂಡಿ ಒತ್ತಿ ಹೇಳು ವರ್ನಾ. ಎಲ್ಲರೂ ಕೇಳಿದ್ರಲ್ಲ, ಇದನ್ನೂ ಕೇಳಲಿ. ಹುಡುಗಿ ಸುಳ್ಳು ಬರೀಲಿಲ್ಲ, ತಪ್ಪು ನಂದು ಅಂತ ಹೇಳು.”

“ಒಂದು ಸಲ ತಪ್ಪು ಅಂದ್ರೆ ನಾಡಿದ್ದಿನಿಂದ ನಲವತ್ತು ಅಡುಗೆಮನೇಲಿ ನಲವತ್ತು ಜನ ಟೀಚರಾಗ್ತಾರೆ. ಕಾಗದ ಬರೀತೀನಿ.”

ಬರೆದಳು. ಕಾಗದ ಒಡೆಯದೆಯೇ ವಾಪಸು ಬಂತು. ಇನ್ನೊಂದು ಬರೆದಳು, ಅದೂ ಬಂತು. ನರೆಲ್‌ಳನ್ನು ದೂರದ ಹಾಸ್ಟೆಲ್ ಶಾಲೆಗೆ ಹಾಕಿದರು ಎಂದು ತಿಳಿಯಿತು. ರೇಡಿಯೊ ಇಲ್ಲದ ಮನೆಯಲ್ಲಿ ಕೋರಲ್ ಒಬ್ಬಳೇ ಉಳಿದಳು. ಗಂಡ ಕುರಿ ಉಣ್ಣೆ ಕತ್ತರಿಸುವ ತಂಡದ ಜೊತೆ ತಿಂಗಳುಗಟ್ಟಲೆ ಹೊರಗಿರುತ್ತಿದ್ದ.

ಜನ ಅವಳಿಗೆ ಒಂದು ಹೆಸರಿಟ್ಟರು: ಒಂದು ಗಂಟೆ ಕೋರಲ್. ಕುದುರೆ ರೇಸಿನ ದಿನ ಅವಳು ಕೂತ ಮೇಜಿಗೆ ಬೇರೆ ಯಾರೂ ಬರುತ್ತಿರಲಿಲ್ಲ. ಒಮ್ಮೆ ಮಾಂಸದಂಗಡಿಯಲ್ಲಿ ನಾನೂ ವರ್ನಾಳೂ ಇದ್ದಾಗ ಕೋರಲ್ ಒಳಗೆ ಬಂದಳು. ಮುಂದೆ ನಿಂತಿದ್ದ ಒಬ್ಬ ಹೆಂಗಸು ಗಡಿಯಾರ ನೋಡಿ, “ನಿಧಾನಕ್ಕೆ ಕೊಡಪ್ಪಾ, ಕೆಲವರಿಗೆ ಒಂದು ಗಂಟೆ ಅಂದ್ರೆ ಲೆಕ್ಕವೇ ಇಲ್ಲ” ಎಂದಳು. ಕಟುಕ ನಕ್ಕ. ಕೋರಲ್ ತನ್ನ ಸರದಿ ಬರುವವರೆಗೂ ನಿಂತು, ಮಾಂಸ ತೆಗೆದುಕೊಂಡು ಹೋದಳು. ವರ್ನಾ ಗಾಜಿನೊಳಗಿನ ಸಾಸೇಜುಗಳನ್ನು ನೋಡುತ್ತ ನಿಂತಿದ್ದಳು. ಹೊರಗೆ ಬಂದ ಮೇಲೆ ನಾನು, “ಡೆಸ್ಮಂಡ್‌ಗೆ ನಾಲ್ಕು ನಿಮಿಷ ಕಾದವಳು ನೀನು. ನಿನ್ನ ಬಾಯಿಗೆ ಇನ್ನೆಷ್ಟು ಹೊತ್ತು ಬೇಕು?” ಎಂದೆ. ಅವಳು ನನ್ನ ಜೊತೆ ಎರಡು ತಿಂಗಳು ಮಾತು ಬಿಟ್ಟಳು.

ಏಳು ವರ್ಷದ ಮೇಲೆ ಕೋರಲ್ ಕ್ಯಾನ್ಸರಿನಿಂದ ಸತ್ತಳು. ಮಣ್ಣಿಗೆ ಹನ್ನೊಂದು ಜನ ಬಂದಿದ್ದರು. ವರ್ನಾ ಹೋಗಲೇಬೇಕೆಂದಳು, ನಾನೂ ಹೋದೆ. ನಾವು ಸ್ಮಶಾನದ ಗೇಟಿನ ಹತ್ತಿರ ಬಂದಾಗ ಹತ್ತೊಂಬತ್ತು ವರ್ಷದ ನರೆಲ್ ಹೂಳುವ ಕುಣಿಯ ಕಡೆಯಿಂದ ನಡೆದು ಬಂದಳು. ಬೈಯುತ್ತಾಳೆ ಎಂದುಕೊಂಡೆ. ಅವಳು ನಮ್ಮ ಮುಖಕ್ಕೆ ಗೇಟು ಮುಚ್ಚಿ, ಚಿಲಕ ಹಾಕಿ, ಸರಿಯಾಗಿ ಬಿದ್ದಿದೆಯೇ ಎಂದು ಒಮ್ಮೆ ಅಲ್ಲಾಡಿಸಿ ನೋಡಿ ಹಿಂದಿರುಗಿದಳು.

ವರ್ನಾ ನಿವೃತ್ತಳಾದಳು. ರೇಡಿಯೊ ಹೋಗಿ ಕಂಪ್ಯೂಟರು ಬಂತು. ನಾವಿಬ್ಬರೂ ಅಕ್ಕಪಕ್ಕದ ಮನೆಗಳಲ್ಲಿ ಮುದುಕಿಯರಾದೆವು, ಪುಸ್ತಕ ಬದಲಾಯಿಸಿಕೊಂಡು ಓದಿದೆವು, ಜಗಳವಾಡಿದೆವು. ಅವಳನ್ನು ನಾನು ಪ್ರೀತಿಸುತ್ತಿದ್ದೆ. ಅವಳು ಮಾಡಿದ್ದನ್ನು ಕ್ಷಮಿಸಿರಲಿಲ್ಲ. ಎರಡೂ ಮೂವತ್ತನಾಲ್ಕು ವರ್ಷ ಒಂದೇ ಮನೆಯಲ್ಲಿದ್ದವು.

ಈ ವರ್ಷ ಹಳೆಯ ಮಕ್ಕಳು ಸೇರಿ ಶಾಲೆಯ ವಾರ್ಷಿಕೋತ್ಸವ ಮಾಡಿದರು. ಹಳೆಯ ರೇಡಿಯೊ ರಿಪೇರಿ ಮಾಡಿಸಿ, ಬರಲಾಗದವರು ತಮ್ಮ ಫಾರ್ಮುಗಳಿಂದಲೇ ಒಂದು ಗಂಟೆ ಮಾತಾಡುವ ಏರ್ಪಾಡು. ವರ್ನಾ ಹಳೆಯ ಪಟ್ಟಿ ಹಿಡಿದು ಹಾಜರಿ ಕೂಗಬೇಕು. ಅವಳು ಒಪ್ಪಿದಳು. ಶನಿವಾರ ಬೆಳಿಗ್ಗೆ ಕಾರಿನಲ್ಲಿ ಕೂತಾಗ ಅವಳ ಕೈಚೀಲದಲ್ಲಿ ಒಂದು ಹಳದಿ ಬಣ್ಣಕ್ಕೆ ತಿರುಗಿದ ಲಕೋಟೆ ಕಂಡಿತು.

“ನರೆಲ್ ಬರೆದದ್ದೇನಾ ಅದು?” ಎಂದೆ.

“ಅದೇ.”

“ಸುಟ್ಟು ಹಾಕಿದ್ದೀಯ ಅಂದ್ಕೊಂಡಿದ್ದೆ. ಗೆರೆ ಕೆಳಗೆ ಏನು ಬರೆದಿದ್ಲು?”

“ಓದಿಲ್ಲ.”

“ಮೂವತ್ತನಾಲ್ಕು ವರ್ಷ ಇಟ್ಕೊಂಡು ಓದಿಲ್ವಾ!”

“ಗೆರೆ ಎಳೆದ ಮೇಲೆ ಓದೋ ಪದ್ಧತಿ ನಂದಲ್ಲ.”

“ಪದ್ಧತಿಯಂತೆ. ಪುಕ್ಕಲಿ ನೀನು.”

“ಹೌದು ಕಣೇ,” ಎಂದಳು. ನಾನು ಕಾರು ಹೊರಡಿಸಿದೆ. ಸ್ವಲ್ಪ ದೂರ ಹೋದ ಮೇಲೆ, “ಇವತ್ತು ಹೇಳ್ತೀನಿ. ಅವಳು ಕೇಳ್ತಿದ್ರೂ ಹೇಳ್ತೀನಿ, ಇಲ್ದಿದ್ರೂ ಹೇಳ್ತೀನಿ,” ಎಂದಳು.

ಶಾಲೆಯ ಕೋಣೆಯಲ್ಲಿ ಅರವತ್ತು ಜನ ನಿಂತಿದ್ದರು, ಕೇಕು ತಟ್ಟೆ ಹಿಡಿದುಕೊಂಡು. ಮಾಂಸದಂಗಡಿಯ ಆ ಹೆಂಗಸೂ ಇದ್ದಳು, ಗಾಲಿಕುರ್ಚಿಯಲ್ಲಿ. ಹಾಜರಿ ಶುರುವಾಯಿತು. ಡೆಸ್ಮಂಡ್ ತಾತನಾಗಿದ್ದ, “ಹಾಜರ್ ಮಿಸ್, ಈ ಸಲ ಗಡಿಯಾರ ನೋಡ್ಬೇಡಿ, ಓವರ್” ಎಂದಾಗ ಎಲ್ಲರೂ ನಕ್ಕರು. ಐದಾರು ಹೆಸರಾದ ಮೇಲೆ ವರ್ನಾ ಕೂಗುವುದನ್ನು ನಿಲ್ಲಿಸಿದಳು. ಪಟ್ಟಿಯ ಮೇಲೆ ಬೆರಳಿಟ್ಟು, “ನರೆಲ್ ಡಗ್ಗನ್. ಓವರ್,” ಎಂದಳು.

ಗರಗರ. ಆಮೇಲೆ ಸ್ಪಷ್ಟವಾದ, ನಡುವಯಸ್ಸಿನ ಧ್ವನಿ. “ಹಾಜರ್. ಓವರ್.”

ವರ್ನಾ ಗುಂಡಿ ಒತ್ತಿದಳು. “ನರೆಲ್, ನಿನ್ನ ಚೀಲಕ್ಕೆ ಎರಡೂ ಮೂವತ್ತೇಳೇ ಹಾಕಿದ್ದು ನಾನು. ನೀನು ಸುಳ್ಳು ಬರೀಲಿಲ್ಲ. ಅದು ನಂಗೆ ಹದಿನೈದು ದಿನಕ್ಕೇ ಗೊತ್ತಾಯ್ತು, ನಾನು ಬಾಯಿ ಬಿಡಲಿಲ್ಲ. ನಿಮ್ಮಮ್ಮನ್ನ ಜನ ಅಂದದ್ದು ಕೇಳಿದೆ, ಆಗಲೂ ಬಾಯಿ ಬಿಡಲಿಲ್ಲ. ಇಲ್ಲಿರೋರೆಲ್ಲ ಕೇಳಲಿ. ಓವರ್.”

ಕೋಣೆಯಲ್ಲಿ ಯಾರೋ ತಟ್ಟೆ ಕೆಳಗಿಟ್ಟರು.

“ಎರಡೂ ಕುದುರೆ ಅಂತ ಚೀಲ ಬಿಚ್ಚಿದ ದಿನವೇ ನಂಗೆ ಗೊತ್ತಿತ್ತು ಮಿಸ್. ಅದು ಬಿಡಿ. ನನ್ನ ಪೇಪರ್ ಇದೆಯಾ? ಓವರ್.”

“ಇದೆ. ಓವರ್.”

“ಗೇಟಿಗೆ ಬಂದು ನಿಲ್ಲಿಸಿದ್ರಿ. ಇನ್ನೂ ಇತ್ತು. ಅದನ್ನ ಹೇಳಬೇಕೂಂತ್ಲೇ ನಾನು ಅಷ್ಟೂ ಬರೆದಿದ್ದು. ಅಮ್ಮ ಇರೋವರೆಗೂ ನಾನು ಬಾಯಿ ಬಿಟ್ಟು ಹೇಳೋಕೆ ಅವಳು ಬಿಡಲಿಲ್ಲ. ಅವಳು ಹೋದ ಮೇಲೆ ಯಾರೂ ನನ್ನನ್ನ ಕೇಳಲಿಲ್ಲ. ಗೆರೆ ಕೆಳಗಿಂದ ಓದಿ. ಜೋರಾಗಿ ಓದಿ, ಆವತ್ತು ಓದಿದ ಹಾಗೆ. ಓವರ್.”

ವರ್ನಾ ಲಕೋಟೆಯಿಂದ ಕಾಗದ ತೆಗೆದಳು. ಕೆಂಪು ಗೆರೆ ಮಾಸಿ ಕಂದಾಗಿತ್ತು. ನಾನು ಅವಳ ಭುಜ ಹಿಡಿಯಲು ಹೋದೆ, ಅವಳು ಕೊಡವಿದಳು. ಗುಂಡಿ ಒತ್ತಿ ಓದಿದಳು.

“ಗೇಟು ತೆರೆದವಳು ತಾಯಿಯಲ್ಲ. ಪಾಠಕ್ಕೆ ಮುಂಚೆ ಅಕ್ಕ ಕೋಳಿಮೊಟ್ಟೆ ತರಲು ಹೋಗಿದ್ದಳು. ರೇಡಿಯೊದಲ್ಲಿ ಹಾಜರಿ ಕೂಗುವ ಹೊತ್ತಾಗಿತ್ತು. ತಡವಾದರೆ ಟೀಚರು ಎಲ್ಲರಿಗೂ ಕೇಳುವಂತೆ ಬೈಯುತ್ತಾರೆ. ಅದಕ್ಕೆ ಅವಳು ಓಡಿ ಬಂದಳು, ಚಿಲಕ ಹಾಕಲಿಲ್ಲ.”

ಇಲ್ಲಿ ಅವಳು ಓದು ನಿಲ್ಲಿಸಿದಳು. ಉಸಿರು ಎಳೆದುಕೊಂಡ ಸದ್ದು ಗುಂಡಿಯ ಆಚೆಗೂ ಹೋಗಿರಬೇಕು. ಬೆರಳು ತೆಗೆಯಲಿಲ್ಲ. ಮುಂದೆ ಓದಿದಳು.

“ಮೊಟ್ಟೆಯ ಬುಟ್ಟಿ ಗೇಟಿನ ಹತ್ತಿರವೇ ಇತ್ತು. ಅದನ್ನು ನೋಡಿ ತಾಯಿಗೆ ಗೊತ್ತಾಯಿತು. ತಾಯಿ ಬುಟ್ಟಿಯನ್ನು ಒಳಗೆ ತಂದಿಟ್ಟು, ತಾನು ಬಟ್ಟೆ ಒಣಹಾಕಲು ಹೋಗಿ ಚಿಲಕ ಮರೆತೆ ಎಂದು ಎಲ್ಲರಿಗೂ ಹೇಳಿದಳು. ಅಕ್ಕನನ್ನು ಒಂದು ಮಾತೂ ಕೇಳಲಿಲ್ಲ. ಅಕ್ಕ ಹೇಳಲು ಹೋದರೆ ಕೈಯಿಂದ ಬಾಯಿ ಮುಚ್ಚುತ್ತಾಳೆ.

“ಹೋಲಿಕೆ. ಮೂವತ್ತೇಳರಲ್ಲಿ ಪ್ರೀತಿ ಎಂಬ ಮಾತು ನಲವತ್ತೊಂದು ಸಲ ಬರುತ್ತದೆ, ನಾನು ಎಣಿಸಿದ್ದೇನೆ. ಎರಡನೆಯದರಲ್ಲಿ ಒಂದು ಸಲವೂ ಬರುವುದಿಲ್ಲ. ಮೂವತ್ತೇಳರಲ್ಲಿ ಕುದುರೆ ಸತ್ತ ಮೇಲೆ ಎಲ್ಲರೂ ಅಳುತ್ತಾರೆ. ಎರಡನೆಯದರಲ್ಲಿ ಯಾರೂ ಅಳುವುದಿಲ್ಲ, ಅತ್ತರೆ ನಿಜ ಹೊರಗೆ ಬರುತ್ತದೆ. ಆದ್ದರಿಂದ ಎರಡನೆಯದರಲ್ಲಿ ಪ್ರೀತಿ ಹೆಚ್ಚು. ಇದಕ್ಕೆ ಪುಟದ ಸಂಖ್ಯೆ ಹಾಕಲು ಆಗುವುದಿಲ್ಲ. ಕ್ಷಮಿಸಿ ಮಿಸ್.”

ಕಾಗದವನ್ನು ಮೇಜಿನ ಮೇಲೆ ಅಂಗಾತ ಇಟ್ಟಳು. “ಇಷ್ಟೇ ಇದೆ ನರೆಲ್. ಓವರ್,” ಎಂದಳು. ಗುಂಡಿಯಿಂದ ಬೆರಳು ತೆಗೆದು, ಹನ್ನೊಂದಕ್ಕೆ ನಾನು ಎಬ್ಬಿಸುವವರೆಗೂ ಕಾಯುತ್ತ ಕೂತಳು.